ಕಡಲಾಚೆಯ ಊರಿನಲ್ಲಿ ಜನವರಿ ಆರರ ಹಬ್ಬ

ಹೊಟ್ಟೆಪಾಡಿಗಾಗಿ ಹುಟ್ಟಿದೂರನ್ನು ಬಿಟ್ಟು ಹೊರಟವನು ತನ್ನೊಡನೆ ಕೊಂಡೊಯ್ಯುವ ಗಂಟಿನಲ್ಲಿ ಕಣ್ಣಿಗೆ ಕಾಣುವ ಸೊತ್ತು ಬಹಳವೇನೂ ಇರುವುದಿಲ್ಲ. ಎರಡು ಜೊತೆ ಬಟ್ಟೆ, ಒಂದು ಹೊದಿಕೆ, ಊರಿನವರೊಬ್ಬರ ವಿಳಾಸ ಬರೆದ ಚೀಟಿ, ತಾಯಿ ಕಟ್ಟಿಕೊಟ್ಟ ಅವಲಕ್ಕಿ, ಇಷ್ಟಿದ್ದರೆ ಹೆಚ್ಚಾಯಿತು. ಆದರೆ ಕಾಣದ ಸೊತ್ತೊಂದು ಆ ಗಂಟಿನೊಳಗೆ ಸೇರಿಕೊಂಡೇ ಬರುತ್ತದೆ. ಅದು ಅವನ ಊರಿನ ಪಂಚಾಂಗ. ಹೊಸ ಊರಿನಲ್ಲಿ ದಿನಗಳ ಲೆಕ್ಕವೆಲ್ಲ ಪಗಾರದ ತಾರೀಖಿನಿಂದ. ಆದರೂ ಮನಸ್ಸು ಮಾತ್ರ ಚೌತಿಗೆ ಇನ್ನೆಷ್ಟು ದಿನ, ಊರಿನ ರಥೋತ್ಸವಕ್ಕೆ ಇನ್ನೆಷ್ಟು ವಾರ ಎಂದೇ ಎಣಿಸುತ್ತಿರುತ್ತದೆ. ಈ ಎಣಿಕೆ ಕನ್ನಡಿಗರಾದ ನಮಗೊಬ್ಬರಿಗೇ ಸೇರಿದುದಲ್ಲ. ಲೋಕದಲ್ಲಿ ಊರು ಬಿಟ್ಟು ದುಡಿಯಹೋದ ಜನರು ಎಲ್ಲೆಲ್ಲಿರುವರೋ ಅಲ್ಲೆಲ್ಲ ಇದು ಇದ್ದದ್ದೇ.

ಕ್ರೈಸ್ತ ಜನರಿಗೆ ಜನವರಿ 6ನೆಯ ತಾರೀಖು ಇಂಥದೊಂದು ಎಣಿಕೆಯ ದಿನ. ಇಂಗ್ಲಿಷಿನಲ್ಲಿ ‘ಎಪಿಫನಿ’ ಎಂದು ಕರೆಯಲ್ಪಡುವ ಈ ಹಬ್ಬವನ್ನು ನಮ್ಮ ವಾಚಕರಲ್ಲಿ ಬಹುಮಂದಿ ಬಲ್ಲವರಲ್ಲ. ಕ್ರಿಸ್‌ಮಸ್ಸಿನ ನಕ್ಷತ್ರದಾಕಾರದ ಗೂಡುದೀಪಗಳನ್ನು ಬಾಂದ್ರಾದಲ್ಲಿಯೋ ಮಾಹಿಮಿನಲ್ಲಿಯೋ ನಾವೆಲ್ಲರೂ ಕಂಡು ಸಂತೋಷಪಟ್ಟವರೇ. ಆದರೆ ಕ್ರಿಸ್‌ಮಸ್ಸು ಕಳೆದು ಹನ್ನೆರಡು ದಿನಗಳಾದ ಮೇಲೆ ಬರುವ ಈ ಹಬ್ಬವು ನಮ್ಮ ಕಣ್ಣಿಗೆ ಬೀಳದೆಯೇ ದಾಟಿಹೋಗುತ್ತದೆ. ಕಡಲು ದಾಟಿ ಹೋದ ಒಂದು ದುಡಿಯುವ ಜನಾಂಗವು ಈ ಹಬ್ಬವನ್ನು ಪರದೇಶದಲ್ಲಿ ನೂರು ವರ್ಷಗಳಿಗೂ ಮಿಕ್ಕಿ ಹೇಗೆ ಉಳಿಸಿಕೊಂಡು ಬಂದಿದೆಯೆಂಬ ಕಥೆಯನ್ನು, ಹೋಟೆಲಿನ ಒಲೆಯ ಮುಂದೆ ಬೇಯುವ, ಕಚೇರಿಯ ಕಡತಗಳ ನಡುವೆ ಸವೆಯುವ ನಮ್ಮಂಥವರು ಕೇಳಿ ತಿಳಿಯುವುದು ಲೇಸು. ಆದಕಾರಣ ಈ ಲೇಖನ.

ಹಬ್ಬದ ಹಿನ್ನೆಲೆ

‘ಎಪಿಫನಿ’ ಎಂಬುದು ಗ್ರೀಕ್ ಮಾತು. ಕಾಣಿಸಿಕೊಳ್ಳುವುದು, ಪ್ರಕಟವಾಗುವುದು ಎಂದು ಅದರ ಅರ್ಥ. ದೇವರು ಮನುಷ್ಯರಿಗೆ ಕಾಣಿಸಿಕೊಂಡ ದಿನವಿದು ಎಂಬುದು ನಂಬಿಕೆ. ಹೇಗೆ ಕಾಣಿಸಿಕೊಂಡನೆಂಬುದಕ್ಕೆ ಮಾತ್ರ ಪಶ್ಚಿಮದ ಕ್ರೈಸ್ತರು ಒಂದು ಕಥೆಯನ್ನೂ ಪೂರ್ವದ ಕ್ರೈಸ್ತರು ಇನ್ನೊಂದು ಕಥೆಯನ್ನೂ ನೆನೆಯುತ್ತಾರೆ.

ಪಶ್ಚಿಮದವರು ನೆನೆಯುವುದು ಮತ್ತಾಯನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಬರುವ ಪ್ರಸಂಗವನ್ನು. ಮೂಡಣ ದೇಶದಿಂದ ಕೆಲವರು ಒಂದು ನಕ್ಷತ್ರವನ್ನು ಕಂಡು, ಅದರ ಜಾಡು ಹಿಡಿದು ಬಹುದೂರ ನಡೆದು ಬಂದು, ಬೆತ್ಲೆಹೇಮಿನಲ್ಲಿ ಹುಟ್ಟಿದ ಶಿಶುವಿಗೆ ಚಿನ್ನ, ಧೂಪ, ರಕ್ತಬೋಳಗಳನ್ನು ಕಾಣಿಕೆಯಾಗಿ ಒಪ್ಪಿಸಿದರು. ಕನ್ನಡ ಬೈಬಲ್ಲು ಇವರನ್ನು ‘ಜೋಯಿಸರು’ ಎಂದು ಕರೆದಿರುವುದು ಬಹಳ ಸೊಗಸಾಗಿದೆ. ನಕ್ಷತ್ರ ನೋಡಿ ಹೊರಟವರು ಜೋಯಿಸರಲ್ಲದೆ ಮತ್ತಾರು? ಇವರು ಎಷ್ಟು ಮಂದಿಯೆಂದು ಸುವಾರ್ತೆಯಲ್ಲಿ ಹೇಳಿಲ್ಲ. ಕಾಣಿಕೆಗಳು ಮೂರು ಇದ್ದುದರಿಂದ ಜನರೂ ಮೂವರೆಂದು ಮುಂದಿನವರು ಎಣಿಸಿದರು. ಅನಂತರ ಅವರನ್ನು ಅರಸರನ್ನಾಗಿ ಮಾಡಿ, ಗಾಸ್ಪರ್, ಮೆಲ್ಕಿಯೋರ್, ಬಾಲ್ತಜಾರ್ ಎಂದು ಹೆಸರುಗಳನ್ನೂ ಇಟ್ಟರು. ಹೀಗೆ ಇದು ‘ಮೂರು ಅರಸರ ಹಬ್ಬ’ವಾಯಿತು. ನಮಗೆ ಹತ್ತಿರದ ಗೋವೆಯಲ್ಲಿಯೇ ಇದನ್ನು ನೋಡಬಹುದು. ಪಣಜಿಯ ಎದುರು ದಡದಲ್ಲಿ ಮಾಂಡವಿಯ ತೀರದ ಊರೊಂದಕ್ಕೆ ‘ರೇಯಿಸ್ ಮಾಗುಷ್’ ಎಂದು ಹೆಸರು. ಪೋರ್ತುಗೀಜರ ಮಾತಿನಲ್ಲಿ ಅದು ಈ ಅರಸರ ಹೆಸರೇ. ಕಾನ್ಸಾವ್ಲಿಮ್ ಭಾಗದಲ್ಲಿ ಜನವರಿ 6ರಂದು ಮೂವರು ಹುಡುಗರು ಕಿರೀಟ ಧರಿಸಿ, ಕುದುರೆಯೇರಿ, ಬೇರೆ ಬೇರೆ ದಾರಿಗಳಿಂದ ಗುಡ್ಡದ ಮೇಲಿನ ಪ್ರಾರ್ಥನಾಮಂದಿರಕ್ಕೆ ಬರುತ್ತಾರೆ.

ಗ್ರೀಕರೇ ಮೊದಲಾದ ಪೂರ್ವದ ಕ್ರೈಸ್ತರು ಈ ದಿನ ನೆನೆಯುವುದಾದರೋ ಯೇಸುವು ಯೊರ್ದಾನ್ ನದಿಯಲ್ಲಿ ಯೋಹಾನನಿಂದ ಸ್ನಾನದೀಕ್ಷೆಯನ್ನು ಪಡೆದುದನ್ನು. ಅವನು ನೀರಿನಿಂದ ಮೇಲೆದ್ದಾಗ ಪವಿತ್ರಾತ್ಮವು ಪಾರಿವಾಳದ ರೂಪದಲ್ಲಿ ಇಳಿದು ಬಂದಿತೆಂದು ಸುವಾರ್ತೆಗಳು ಹೇಳುತ್ತವೆ. ಆದುದರಿಂದ ಅವರಿಗೆ ಇದು ನೀರಿನ ಹಬ್ಬ. ಈ ದಿನ ಪಾದ್ರಿಗಳು ನೀರನ್ನು ಮಂತ್ರಿಸಿ ಪವಿತ್ರಗೊಳಿಸುತ್ತಾರೆ. ನದಿಗೆ, ಕೆರೆಗೆ, ಕಡಲಿಗೆ ಶಿಲುಬೆಯನ್ನು ಎಸೆಯುತ್ತಾರೆ. ಹುಡುಗರು ಧುಮುಕಿ ಅದನ್ನು ಹುಡುಕಿ ತರುತ್ತಾರೆ. ಗ್ರೀಕ್ ಹಳ್ಳಿಗಳಲ್ಲಿ ಒಂದು ಮೋಜಿನ ನಂಬಿಕೆಯೂ ಉಂಟು. ಕ್ರಿಸ್‌ಮಸ್ಸಿನಿಂದ ಹನ್ನೆರಡು ದಿನಗಳವರೆಗೆ ‘ಕಲ್ಲಿಕಾಂಟ್ಸರಿ’ ಎಂಬ ಕುಚೇಷ್ಟೆಯ ಪಿಶಾಚಿಗಳು ಭೂಮಿಯ ಕೆಳಗಿನಿಂದ ಎದ್ದು ಬಂದು ಮನೆಮನೆಯಲ್ಲಿ ಉಪದ್ರವ ಕೊಡುತ್ತವೆಯಂತೆ. ಜನವರಿ 6ರ ಪವಿತ್ರೋದಕವನ್ನು ಪ್ರೋಕ್ಷಿಸಿದೊಡನೆ ಓಡಿಹೋಗುತ್ತವೆಯಂತೆ. ನಮ್ಮಲ್ಲಿ ಮನೆಗೆ ಪುಣ್ಯಾಹ ಮಾಡುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಳುಗಿ ಬದುಕುವ ಜನ

ಈಗ ಕಥೆಯ ನಾಯಕರಿಗೆ ಬರೋಣ. ಗ್ರೀಸಿನ ಪೂರ್ವಕ್ಕೆ, ತುರ್ಕಿಯ ಕರಾವಳಿಗೆ ಸಮೀಪದಲ್ಲಿ, ದೊದೆಕಾನೀಸ್ ಎಂಬ ದ್ವೀಪಗಳ ಗುಂಪು ಇದೆ. ಕಲಿಮ್ನೋಸ್, ಸಿಮಿ, ಹಾಲ್ಕಿ ಮುಂತಾದ ಈ ದ್ವೀಪಗಳ ನೆಲ ಬಹುಪಾಲು ಕಲ್ಲುಬಂಡೆ. ಬೇಸಾಯಕ್ಕೆ ಮಣ್ಣಿಲ್ಲದ ಕಡೆ ಜನರು ಕಡಲಿನ ತಳವನ್ನೇ ಹೊಲ ಮಾಡಿಕೊಂಡರು. ಅಲ್ಲಿ ಬೆಳೆಯುವ ಸ್ಪಂಜನ್ನು ಕಿತ್ತು ತಂದು ಮಾರುವುದೇ ಅವರ ಕಸುಬು. ಸ್ಪಂಜು ಗಿಡವೆಂದು ತಿಳಿದವರುಂಟು. ವಾಸ್ತವವಾಗಿ ಅದು ಬಂಡೆಗೆ ಅಂಟಿಕೊಂಡು ಬಾಳುವ ಒಂದು ಕಡಲಪ್ರಾಣಿ. ಅದರ ಮೈಯ ಚರ್ಮವನ್ನೂ ಕೊಳೆಯನ್ನೂ ಬಡಿದು ತೊಳೆದು ತೆಗೆದ ಮೇಲೆ ಉಳಿಯುವ ಮೆತ್ತನೆಯ ಎಲುಬುಗೂಡೇ ಅಂಗಡಿಯಲ್ಲಿ ಮಾರಾಟವಾಗುವ ಸ್ಪಂಜು.

ಮೊದಮೊದಲು ಇವರು ಕಲ್ಲೊಂದನ್ನು ಹಿಡಿದುಕೊಂಡು, ಉಸಿರು ಕಟ್ಟಿ ಮುಳುಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಳುಗುವ ಪೋಷಾಕು ಬಂದಿತು. ರಬ್ಬರು ಹಾಕಿದ ಬಟ್ಟೆಯ ಅಂಗಿ, ತಲೆಗೆ ತಾಮ್ರದ ಗಡಿಗೆಯಂಥ ಶಿರಸ್ತ್ರಾಣ, ಕಾಲಿಗೆ ಸೀಸದ ಭಾರದ ಬೂಟು. ದೋಣಿಯ ಮೇಲಿದ್ದವರು ಪಂಪು ತಿರುಗಿಸಿ ಕೊಳವೆಯ ಮೂಲಕ ಗಾಳಿ ಕಳಿಸಬೇಕು. ಈ ಪೋಷಾಕಿನಿಂದ ಹೆಚ್ಚು ಆಳಕ್ಕೆ ಹೋಗಿ ಹೆಚ್ಚು ಹೊತ್ತು ನಿಲ್ಲುವುದು ಸಾಧ್ಯವಾಯಿತು, ಗಳಿಕೆ ಹೆಚ್ಚಿತು. ಆದರೆ ಅದರೊಡನೆ ಹೊಸ ಮೃತ್ಯುವೂ ಬಂದಿತು. ಆಳದಲ್ಲಿ ನೀರಿನ ಒತ್ತಡ ಹೆಚ್ಚು. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕವು ರಕ್ತದಲ್ಲಿ ಕರಗಿ ಸೇರಿಕೊಳ್ಳುತ್ತದೆ. ಮುಳುಗಿದವನು ನಿಧಾನವಾಗಿ ಮೇಲೇರಿದರೆ ಅದು ಉಸಿರಿನೊಡನೆ ಹೊರಟುಹೋಗುತ್ತದೆ. ಆತುರದಿಂದ ಮೇಲೆ ಬಂದರೆ, ಸೋಡಾ ಬಾಟಲಿಯನ್ನು ಒಡೆದಾಗ ಗುಳ್ಳೆಗಳು ನುಗ್ಗುವಂತೆ, ಮೈಯೊಳಗೇ ಗುಳ್ಳೆಗಳೆದ್ದು ನರಗಳನ್ನು ಕೆಡಿಸುತ್ತವೆ. ಈ ವಿದ್ಯೆ ತಿಳಿಯುವ ಮೊದಲು ಆ ದ್ವೀಪಗಳಲ್ಲಿ ಎಷ್ಟೋ ತರುಣರು ಸತ್ತರು. ಎಷ್ಟೋ ಮಂದಿ ಕೈಕಾಲು ಸೇದಿಹೋಗಿ ಮನೆಯ ಮೂಲೆ ಹಿಡಿದರು. ನೀರನ್ನು ಪವಿತ್ರಗೊಳಿಸುವ ಹಬ್ಬವು ಇಂಥ ಜನರಿಗೆ ಏನಾಗಿದ್ದಿರಬೇಕು ಎಂಬುದನ್ನು ಯೋಚಿಸಿ ನೋಡಬೇಕು. ಒಲೆಯನ್ನು ನಂಬಿದವನು ಬೆಂಕಿಗೆ ಕೈಮುಗಿಯುವಂತೆ ಅವರು ನೀರಿಗೆ ಕೈಮುಗಿದರು.

ಫ್ಲಾರಿಡಾಕ್ಕೆ ಬಂದವರು

ಅಮೆರಿಕದ ಫ್ಲಾರಿಡಾ ಸಂಸ್ಥಾನದ ಪಶ್ಚಿಮ ಕರಾವಳಿಯಲ್ಲಿ, ಆಂಕ್ಲೋಟ್ ನದಿಯು ಮೆಕ್ಸಿಕೋ ಕೊಲ್ಲಿಯನ್ನು ಸೇರುವ ಕಡೆ, ಟಾರ್ಪನ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿದೆ. ಅಲ್ಲಿಯ ಕಡಲಿನಲ್ಲಿ ಒಳ್ಳೆಯ ಸ್ಪಂಜು ಹೇರಳವಾಗಿತ್ತು. ಆದರೆ ಅಲ್ಲಿಯವರು ದೋಣಿಯ ಮೇಲೆಯೇ ಕುಳಿತು ಉದ್ದನೆಯ ಗಳುವಿಗೆ ಕಟ್ಟಿದ ಕೊಕ್ಕೆಯಿಂದ ಅದನ್ನು ಕೀಳುತ್ತಿದ್ದರು. ಕೊಕ್ಕೆ ಮುಟ್ಟದ ಆಳದ ಸ್ಪಂಜು ಹಾಗೆಯೇ ಉಳಿಯುತ್ತಿತ್ತು. ಅಲ್ಲಿ ಸ್ಪಂಜಿನ ವ್ಯಾಪಾರದಲ್ಲಿದ್ದ ಜಾನ್ ಕೊಕೊರಿಸ್ ಎಂಬ ಗ್ರೀಕನು ಇದನ್ನು ಕಂಡು, 1905ರಲ್ಲಿ ತನ್ನ ದೇಶದಿಂದ ಮುಳುಗುಗಾರರನ್ನೂ ಮುಳುಗುವ ಪೋಷಾಕನ್ನೂ ತರಿಸಿದನು. ಕೊಕ್ಕೆಗೆ ಸಿಕ್ಕದ ಸಂಪತ್ತು ಕೈಗೆ ಸಿಕ್ಕಿತು. ಆ ಸುದ್ದಿ ದ್ವೀಪದಿಂದ ದ್ವೀಪಕ್ಕೆ ಹಬ್ಬಿತು. ಅಣ್ಣನು ತಮ್ಮನನ್ನು, ಮಾವನು ಅಳಿಯನನ್ನು, ನೆರೆಮನೆಯವನು ನೆರೆಮನೆಯವನನ್ನು ಕರೆಯಿಸಿಕೊಂಡನು. ನೂರಾರು ಮಂದಿ ಬಂದು ನೆಲಸಿದರು. 1908ರಲ್ಲಿ ಸ್ಪಂಜಿನ ಹರಾಜುಕಟ್ಟೆಯೂ ಏರ್ಪಟ್ಟಿತು. ಒಬ್ಬನು ಬಂದು ಒಲೆ ಹಚ್ಚಿದರೆ ಅವನ ಬೆನ್ನ ಹಿಂದೆ ಊರಿಗೆ ಊರೇ ಬಂದು ಮುಂಬಯಿಯ ಹೋಟೆಲುಗಳನ್ನು ತುಂಬಿದ ನಮ್ಮ ಕಥೆಗೂ ಈ ಕಥೆಗೂ ಬಹಳ ದೂರವಿಲ್ಲ.

ಬಂದವರು 1906ರಿಂದಲೇ ಎಪಿಫನಿಯ ಹಬ್ಬವನ್ನು ಅಲ್ಲಿ ಆಚರಿಸತೊಡಗಿದರು. ಹಬ್ಬ ನಡೆದಾಗ ಅವರಿಗೆ ಒಂದು ಚರ್ಚೂ ಇರಲಿಲ್ಲ. ನಾವಿಕರ ರಕ್ಷಕನೆನಿಸಿದ ಸಂತ ನಿಕೊಲಸನ ಹೆಸರಿನಲ್ಲಿ ಮೊದಲನೆಯ ಚರ್ಚು ಎದ್ದುದು 1907ರಲ್ಲಿ. ಹಬ್ಬವು ಮೊದಲು ಬಂದಿತು, ಗುಡಿ ಅದರ ಹಿಂದೆ ಬಂದಿತು. ಈಗ ಇರುವ ದೊಡ್ಡ ಚರ್ಚನ್ನು ಕಾನ್‌ಸ್ಟಾಂಟಿನೋಪಲಿನ ಹಾಗಿಯಾ ಸೋಫಿಯಾದ ಮಾದರಿಯಲ್ಲಿ 1943ರಲ್ಲಿ ಕಟ್ಟಿದರು.

ಹಬ್ಬ ನಡೆಯುವ ಬಗೆ

ಹಬ್ಬದ ಹಿಂದಿನ ದಿನ ಪಾದ್ರಿಗಳು ಬಂದರುಕಟ್ಟೆಗೆ ಹೋಗಿ ಸ್ಪಂಜಿನ ದೋಣಿಗಳನ್ನು ಪ್ರೋಕ್ಷಿಸುತ್ತಾರೆ. ನಾವು ಆಯುಧಪೂಜೆಯಂದು ಒರಳುಕಲ್ಲಿಗೂ ಬಾಣಲೆಗೂ ಕುಂಕುಮ ಹಚ್ಚುವುದಿಲ್ಲವೇ? ಅದೇ ಭಾವ. ಮರುದಿನ ಬೆಳಿಗ್ಗೆ ಚರ್ಚಿನಲ್ಲಿ ದೀರ್ಘವಾದ ಆರಾಧನೆ ನಡೆದು, ನೀರನ್ನು ಪವಿತ್ರಗೊಳಿಸಿದ ಮೇಲೆ, ಸ್ಪ್ರಿಂಗ್ ಬಾಯೂ ಎಂಬ ಕೊಳದತ್ತ ಮೆರವಣಿಗೆ ಹೊರಡುತ್ತದೆ. ದ್ವೀಪಗಳ ಸಾಂಪ್ರದಾಯಿಕ ಉಡುಪು ತೊಟ್ಟ ಮಕ್ಕಳು, ಧ್ವಜಗಳು, ಧೂಪ, ಜರತಾರಿ ನಿಲುವಂಗಿಯ ಧರ್ಮಾಧ್ಯಕ್ಷರು. ಅವರ ನಡುವೆ ಬಿಳಿಯ ಅಂಗಿ ತೊಟ್ಟು ಬರಿಗಾಲಿನಲ್ಲಿ ನಡೆಯುವ ಹುಡುಗರ ಸಾಲು. ಹದಿನಾರರಿಂದ ಹದಿನೆಂಟು ವರ್ಷದ ಈ ಹುಡುಗರೇ ಆ ದಿನದ ಮುಳುಗುಗಾರರು.

ಕೊಳದಲ್ಲಿ ಸಣ್ಣ ದೋಣಿಗಳನ್ನು ಅರ್ಧಚಂದ್ರಾಕಾರವಾಗಿ ನಿಲ್ಲಿಸಿರುತ್ತಾರೆ. ಹುಡುಗರು ನೀರಿಗೆ ಧುಮುಕಿ, ಈಜಿ ದೋಣಿಗಳನ್ನು ಹತ್ತುತ್ತಾರೆ. ಜನವರಿಯ ನೀರು ತಣ್ಣಗಿರುತ್ತದೆ. ದಡದಲ್ಲಿ ತಾಯಂದಿರು ಕಣ್ಣು ಮಿಟುಕಿಸದೆ ನಿಂತಿರುತ್ತಾರೆ. ಹುಡುಗಿಯೊಬ್ಬಳು ಕೈಯಲ್ಲಿದ್ದ ಬಿಳಿಯ ಪಾರಿವಾಳವನ್ನು ಹಾರಿಬಿಡುತ್ತಾಳೆ. ಆ ವರುಷಕ್ಕೆ ಪಾರಿವಾಳ ಹಿಡಿಯುವ ಭಾಗ್ಯ ಪಡೆದವಳು ಅವಳು. ಧರ್ಮಾಧ್ಯಕ್ಷರು ಬಿಳಿಯ ಶಿಲುಬೆಯನ್ನು ನೀರಿಗೆ ಎಸೆಯುತ್ತಾರೆ. ಮರುಕ್ಷಣವೇ ಎಲ್ಲ ಹುಡುಗರೂ ಒಟ್ಟಿಗೆ ಧುಮುಕುತ್ತಾರೆ. ನೀರು ಕಲಕಿ ನೊರೆಯಾಗುತ್ತದೆ. ಒಂದು ಕೈ ಶಿಲುಬೆಯನ್ನು ಎತ್ತಿ ಹಿಡಿದು ಮೇಲೆ ಬಂದೊಡನೆ ದಡದಲ್ಲಿ ಜಯಘೋಷ ಏಳುತ್ತದೆ. ಶಿಲುಬೆ ಪಡೆದವನಿಗೆ ವರ್ಷವಿಡೀ ದೇವರ ಆಶೀರ್ವಾದವೆಂದು ನಂಬಿಕೆ. ಜೊತೆಯ ಹುಡುಗರು, ಅಂದರೆ ಒಂದು ನಿಮಿಷದ ಹಿಂದೆ ಅವನೊಡನೆ ಪೈಪೋಟಿ ಮಾಡಿದವರು, ಅವನನ್ನು ಹೆಗಲ ಮೇಲೆ ಹೊತ್ತು ಚರ್ಚಿಗೆ ಕರೆದೊಯ್ಯುತ್ತಾರೆ. ಅನಂತರ ‘ಗ್ಲೆಂದಿ’ ಎಂಬ ಭೋಜನ, ಹಾಡು, ಕುಣಿತ. 2006ರಲ್ಲಿ ನಡೆದ ನೂರನೆಯ ಉತ್ಸವಕ್ಕೆ ಗ್ರೀಕ್ ಆರ್ಥೊಡಾಕ್ಸ್ ಪಂಥದ ಅಗ್ರಗುರು ಬಾರ್ಥಲೋಮಿಯೊ ಅವರೇ ಕಡಲು ದಾಟಿ ಬಂದಿದ್ದರು.

ಕಸುಬು ಹೋದರೂ ಹಬ್ಬ ಹೋಗಲಿಲ್ಲ

ಇಲ್ಲಿಯವರೆಗೆ ಹೇಳಿದುದು ಸುಖದ ಕಥೆ. ವಿಚಾರ ಮಾಡಬೇಕಾದುದು ಇದರ ಮುಂದಿನದು. 1930ರ ದಶಕದ ಕೊನೆಯಿಂದ ಆ ಕಡಲಿನ ಸ್ಪಂಜಿಗೆ ರೋಗ ತಗುಲತೊಡಗಿತು. 1947ರಲ್ಲಿ ‘ಕೆಂಪು ಅಲೆ’ ಎಂದು ಕರೆಯುವ ಸೂಕ್ಷ್ಮಜೀವಿಗಳ ಹಾವಳಿಯಿಂದ ಅಳಿದುಳಿದ ಸ್ಪಂಜು ಬಹುಮಟ್ಟಿಗೆ ನಾಶವಾಯಿತು. ಅದೇ ಕಾಲಕ್ಕೆ ಕಾರ್ಖಾನೆಯಲ್ಲಿ ತಯಾರಾದ ಅಗ್ಗದ ಕೃತಕ ಸ್ಪಂಜು ಅಂಗಡಿಗಳಿಗೆ ಬಂದಿತು. ದೋಣಿಗಳು ದಡ ಹತ್ತಿದವು. ಮುಳುಗುಗಾರರಲ್ಲಿ ಕೆಲವರು ಊರು ಬಿಟ್ಟರು. ಕೆಲವರು ಮೀನು ಹಿಡಿದರು. ಕೆಲವರು ಬಂದರುಕಟ್ಟೆಯ ಬೀದಿಯಲ್ಲಿ ಹೋಟೆಲನ್ನೋ ಅಂಗಡಿಯನ್ನೋ ಇಟ್ಟರು. ಸ್ಪಂಜು ಮತ್ತೆ ಸಾಕಷ್ಟು ಸಿಕ್ಕತೊಡಗಿದುದು 1980ರ ದಶಕದಲ್ಲಿ. ಆದರೆ ಆ ಹಿಂದಿನ ವೈಭವ ಮರಳಿ ಬರಲಿಲ್ಲ.

ನೀರಿನ ಕಸುಬೇ ಹೋದ ಮೇಲೆ ನೀರಿನ ಹಬ್ಬ ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ. ಇಂದು ಶಿಲುಬೆಗಾಗಿ ಧುಮುಕುವ ಹುಡುಗರಲ್ಲಿ ಸ್ಪಂಜಿನ ದೋಣಿ ಹತ್ತುವವರು ಬಹಳ ಮಂದಿ ಇರಲಾರರು. ಇಂಗ್ಲಿಷನ್ನೇ ಆಡಿ ಬೆಳೆದ, ಅಮೆರಿಕದ ಶಾಲೆಯಲ್ಲಿ ಓದಿದ ಮೂರನೆಯ, ನಾಲ್ಕನೆಯ ತಲೆಮಾರಿನ ಮಕ್ಕಳವರು. ಅವರ ಮುತ್ತಜ್ಜನು ಯಾವ ದ್ವೀಪದಿಂದ ಬಂದನೋ ಆ ದ್ವೀಪವನ್ನು ಕಣ್ಣಿನಿಂದ ಕಾಣದವರೂ ಉಂಟು. ಆದರೂ ಬರಿಗಾಲಿನಲ್ಲಿ ನಡೆದು ಬಂದು ತಣ್ಣೀರಿಗೆ ಹಾರುತ್ತಾರೆ. ಇದರ ಗುಟ್ಟೇನು?

ನನಗೆ ಕಾಣುವ ಕಾರಣಗಳು ಎರಡು. ಮೊದಲನೆಯದು, ಆ ಹಬ್ಬದಲ್ಲಿ ಮುಖ್ಯವಾದ ಕೆಲಸವು ಹುಡುಗರದು. ಹಿರಿಯರು ದಡದಲ್ಲಿ ನಿಲ್ಲುತ್ತಾರೆ. ಹದಿನೆಂಟು ದಾಟಿದವನು ಎಷ್ಟೇ ದೊಡ್ಡ ಸಾಹುಕಾರನಾಗಿರಲಿ, ಧುಮುಕುವ ಹಕ್ಕು ಅವನಿಗಿಲ್ಲ. ಹತ್ತು ವರ್ಷದ ಬಾಲಕನು ಇನ್ನಾರು ವರ್ಷಕ್ಕೆ ತನ್ನ ಸರದಿ ಬರುತ್ತದೆಂದು ಕಾಯುತ್ತಾನೆ. ಕಾಯುವ ಮಕ್ಕಳಿರುವ ತನಕ ಹಬ್ಬಕ್ಕೆ ಸಾವಿಲ್ಲ. ನಮ್ಮ ಸಂಘ ಸಂಸ್ಥೆಗಳ ಉತ್ಸವಗಳನ್ನು ನೆನೆದುಕೊಳ್ಳಿ. ವೇದಿಕೆಯ ಮೇಲೆ ಹನ್ನೆರಡು ಕುರ್ಚಿ, ಹನ್ನೆರಡು ಹಾರ, ಹನ್ನೆರಡು ಭಾಷಣ. ಮಕ್ಕಳ ಸರದಿ ಬರುವಾಗ ರಾತ್ರಿ ಹತ್ತು ಗಂಟೆ. ಕೊನೆಯ ಲೋಕಲ್ ಗಾಡಿಯ ಚಿಂತೆಯಿಂದ ಸಭೆ ಅರ್ಧ ಖಾಲಿ. ಆಮೇಲೆ ಮಕ್ಕಳು ಕನ್ನಡದ ಕಡೆ ಮುಖ ಮಾಡುತ್ತಿಲ್ಲವೆಂದು ನಾವೇ ಕೊರಗುತ್ತೇವೆ.

ಎರಡನೆಯದು, ಅವರು ಹಬ್ಬವನ್ನು ಮನೆಯ ಬಾಗಿಲು ಮುಚ್ಚಿಕೊಂಡು ಮಾಡಲಿಲ್ಲ. ಊರಿನ ನಡುವೆ ಮಾಡಿದರು. ಪರದೇಶದ ಜನರು ಏನೆನ್ನುವರೋ ಎಂದು ಸಂಕೋಚಪಡಲಿಲ್ಲ. ಈಗ ಸಾವಿರಾರು ಮಂದಿ ಹೊರಗಿನವರು ನೋಡಲು ಬರುತ್ತಾರೆ. ಇದರಲ್ಲಿ ಅಪಾಯವೂ ಇಲ್ಲದಿಲ್ಲ. ನೋಡುವವರು ಹೆಚ್ಚಿದಂತೆ ಹಬ್ಬವು ಪ್ರದರ್ಶನವಾಗುವ ಭಯವುಂಟು. ಆದರೆ ಅವರು ಒಂದು ಗೆರೆ ಎಳೆದುಕೊಂಡಿದ್ದಾರೆ. ನೋಡಲು ಎಲ್ಲರೂ ಬರಬಹುದು. ಧುಮುಕುವವನು ಮಾತ್ರ ಆ ಧರ್ಮದ ಹುಡುಗನೇ ಆಗಿರಬೇಕು. ಉತ್ಸವ ಎಲ್ಲರದು, ವ್ರತ ತಮ್ಮದು.

ಇನ್ನಿಬ್ಬರ ಉದಾಹರಣೆ

ಗ್ರೀಕರಂತೆ ಎಲ್ಲರೂ ಒಂದೇ ಊರಿನಲ್ಲಿ ಗುಂಪಾಗಿ ನೆಲಸುವ ಅನುಕೂಲ ಪಡೆದವರಲ್ಲ. ಕೆರಿಬಿಯನ್ ಕಡಲಿನ ಪೋರ್ಟೊ ರಿಕೊ ದ್ವೀಪದಿಂದ ಎರಡನೆಯ ಮಹಾಯುದ್ಧದ ಅನಂತರ ನ್ಯೂಯಾರ್ಕಿಗೆ ಬಂದ ಜನರು ಕಾರ್ಖಾನೆಗಳಲ್ಲಿಯೂ ಹೋಟೆಲುಗಳ ಅಡಿಗೆಮನೆಗಳಲ್ಲಿಯೂ ದುಡಿದರು. ಅವರ ಊರಿನಲ್ಲಿ ಜನವರಿ 5ರ ರಾತ್ರಿ ಮಕ್ಕಳು ಒಂದು ಪೆಟ್ಟಿಗೆಯಲ್ಲಿ ಹಸಿಹುಲ್ಲು ತುಂಬಿ ಮಂಚದ ಕೆಳಗಿಡುವುದು ವಾಡಿಕೆ. ಮೂರು ಅರಸರ ವಾಹನಗಳು ದೂರದಿಂದ ಹಸಿದು ಬರುತ್ತವೆ. ಹುಲ್ಲು ತಿಂದ ಮೇಲೆ ಅರಸರು ಉಡುಗೊರೆ ಇಟ್ಟು ಹೋಗುತ್ತಾರೆ. ಹಿಮ ಬೀಳುವ ಮಹಾನಗರದ ಮಾಳಿಗೆಮನೆಯಲ್ಲಿ ಹುಲ್ಲೆಲ್ಲಿ ತರಬೇಕು? ಆದರೂ ಆ ಹಬ್ಬವನ್ನು ಅವರು ಬಿಡಲಿಲ್ಲ. ಈಸ್ಟ್ ಹಾರ್ಲೆಮ್ ಎಂಬ ಅವರ ಬಡಾವಣೆಯಲ್ಲಿ 1969ರಲ್ಲಿ ಸ್ಥಾಪನೆಯಾದ ‘ಎಲ್ ಮುಸೆಯೊ ದೆಲ್ ಬಾರ್ರಿಯೊ’ ಎಂಬ ಸಂಗ್ರಹಾಲಯವು ಮಕ್ಕಳನ್ನು ಕೂಡಿಕೊಂಡು ಮೂರು ಅರಸರ ಮೆರವಣಿಗೆಯನ್ನು ನಡೆಸಿಕೊಂಡು ಬಂದಿದೆ. ನ್ಯೂಯಾರ್ಕಿನ ಬೀದಿಯಲ್ಲಿ ಒಂಟೆಗಳು ನಡೆದದ್ದೂ ಉಂಟು.

ಇನ್ನೊಂದು ಉದಾಹರಣೆ ನಮ್ಮ ದೇಶದ್ದೇ. ಆರ್ಮೇನಿಯದ ಕ್ರೈಸ್ತರು ಯೇಸುವಿನ ಜನನವನ್ನೂ ಸ್ನಾನದೀಕ್ಷೆಯನ್ನೂ ಕೂಡಿಯೇ ಜನವರಿ 6ರಂದು ಆಚರಿಸುತ್ತಾರೆ. ಡಿಸೆಂಬರ್ 25 ಅವರಿಗೆ ಹಬ್ಬವಲ್ಲ. ವ್ಯಾಪಾರಕ್ಕಾಗಿ ಭಾರತಕ್ಕೆ ಬಂದ ಆರ್ಮೇನಿಯನರು 1724ರಲ್ಲಿ ಕಲಕತ್ತೆಯಲ್ಲಿ ಕಟ್ಟಿಸಿದ ಚರ್ಚು ಇಂದಿಗೂ ಇದೆ. ಒಂದು ಕಾಲದಲ್ಲಿ ದೊಡ್ಡ ವರ್ತಕರಾಗಿದ್ದ ಆ ಜನರು ಈಗ ಅಲ್ಲಿ ತೀರ ವಿರಳ. ಆದರೂ ಜನವರಿ 6 ಬಂದಾಗ ಗಂಟೆ ಬಾರಿಸುತ್ತದೆ. 1821ರಲ್ಲಿ ತಾವು ಸ್ಥಾಪಿಸಿದ ವಿದ್ಯಾಶಾಲೆಗೆ ಹೊರದೇಶಗಳಿಂದ ಆರ್ಮೇನಿಯನ್ ಮಕ್ಕಳನ್ನು ಕರೆಸಿ ಓದಿಸುತ್ತ ಅವರು ತಮ್ಮ ಮಾತನ್ನೂ ಪ್ರಾರ್ಥನೆಯನ್ನೂ ಕಾಪಾಡಿಕೊಂಡಿದ್ದಾರೆ. ಶಾಲೆಯಿಲ್ಲದೆ ಹಬ್ಬ ನಿಲ್ಲದೆಂಬುದನ್ನು ಅವರು ಕಂಡುಕೊಂಡರು. ಮುಂಬಯಿಯಲ್ಲಿ 1902ರಲ್ಲಿಯೇ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದ ನಮ್ಮ ಹಿರಿಯರೂ, ಹಗಲು ತಟ್ಟೆ ತೊಳೆದ ಹುಡುಗರಿಗಾಗಿ ಕನ್ನಡ ರಾತ್ರಿಶಾಲೆಗಳನ್ನು ತೆರೆದ ಮಹನೀಯರೂ ಇದನ್ನೇ ಕಂಡುಕೊಂಡಿದ್ದರು.

ನಮ್ಮವರಿಗೆ ಒಂದೆರಡು ಮಾತು

ಈ ಪತ್ರಿಕೆಯ ಮೇಜಿಗೆ ಬರುವ ಮೊದಲು ಈ ಲೇಖಕನು ಹೋಟೆಲಿನ ಗಲ್ಲೆಯ ಮೇಲೆ ಕುಳಿತವನು. ಆದುದರಿಂದ ಹೋಟೆಲಿನವನಿಗೆ ಹಬ್ಬವೆಂದರೇನೆಂಬುದನ್ನು ಬಲ್ಲೆನು. ಊರೆಲ್ಲ ರಜೆಯಲ್ಲಿರುವ ದಿನವೇ ಹೋಟೆಲಿಗೆ ಗಿರಾಕಿ ಹೆಚ್ಚು. ಬೇರೆಯವರ ಹಬ್ಬದ ಸಿಹಿಯನ್ನು ನಮ್ಮ ಹುಡುಗರು ಬಡಿಸುತ್ತಾರೆ. ತಮ್ಮ ಹಬ್ಬದ ಊಟವನ್ನು ರಾತ್ರಿ ಕದವಿಕ್ಕಿದ ಮೇಲೆ ಬಾಳೆಲೆಯ ತುಂಡಿನಲ್ಲಿ ಮಾಡುತ್ತಾರೆ. ಹಬ್ಬದ ದಿನ ಬಂದರುಕಟ್ಟೆಯ ಗ್ರೀಕ್ ಹೋಟೆಲುಗಳಲ್ಲಿಯೂ ತಟ್ಟೆ ಎತ್ತುವವನ ಪಾಡು ಇದೇ ಇರಬೇಕೆಂದು ಊಹಿಸುವುದು ನಮಗೆ ಕಷ್ಟವಲ್ಲ. ಅಂಗಡಿ ಮುಚ್ಚಿ ಹಬ್ಬ ಮಾಡಿರೆಂದು ಮಾಲಿಕರಿಗೆ ಹೇಳುವುದು ಸುಲಭ. ಬಾಡಿಗೆ ಕೊಡುವವನಿಗೆ ಅದರ ಕಷ್ಟ ಗೊತ್ತು. ಆದರೆ ಪಾಳಿಯ ಮೇಲೆ ಬಿಡುವು ಕೊಡುವುದು ಯಾವ ಮಾಲಿಕನಿಗೂ ಅಸಾಧ್ಯವಲ್ಲ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮ ಹೋಟೆಲುಗಳಲ್ಲಿ ಚೌತಿ, ಅಷ್ಟಮಿ, ದೀಪಾವಳಿಗಳಿಗೆ ಬಿಡುವು ಕೇಳುವವರಿಗೆ ಜೊತೆಗಾರರುಂಟು. ಆದರೆ ಹತ್ತು ಮಂದಿ ಹುಡುಗರಲ್ಲಿ ಒಬ್ಬನು ಶಿರ್ವದ ಕಡೆಯವನೋ ಕುಂದಾಪುರದ ಕಡೆಯವನೋ ಕ್ರೈಸ್ತನಿದ್ದರೆ ಅವನ ಹಬ್ಬ ಯಾರ ನೆನಪಿನಲ್ಲಿಯೂ ಇರುವುದಿಲ್ಲ. ಅವನು ಪರದೇಶದೊಳಗೆ ಇನ್ನೊಂದು ಪರದೇಶದಲ್ಲಿರುತ್ತಾನೆ. ನನ್ನ ಹೋಟೆಲಿನಲ್ಲಿ ಅಂಥ ಹುಡುಗನೊಬ್ಬನಿದ್ದನು. ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಬೆಳಿಗ್ಗೆ ಇಗರ್ಜಿಗೆ ಹೋಗಿ ಬಂದವನು, ಅಲ್ಲಿ ಆಶೀರ್ವದಿಸಿ ಹಂಚಿದ ಒಂದು ಭತ್ತದ ತೆನೆಯನ್ನು ಕಾಗದದಲ್ಲಿ ಸುತ್ತಿ ತಂದಿದ್ದನು. ಅದನ್ನು ಯಾರಿಗೂ ತೋರಿಸದೆ ತನ್ನ ಟ್ರಂಕಿನಲ್ಲಿಡಲು ಹೋದಾಗ ಅಡಿಗೆಯ ಭಟ್ಟರು ಕಂಡರು. ‘ಅದೆಂಥದು ಮಾರಾಯಾ?’ ಎಂದು ಕೇಳಿದರು. ಹುಡುಗನು ಹೆದರುತ್ತ ಬಿಚ್ಚಿ ತೋರಿಸಿದನು. ಭಟ್ಟರು ತೆನೆಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಇದು ಕದಿರಲ್ಲವೋ! ಇದನ್ನು ಪೆಟ್ಟಿಗೆಯಲ್ಲಿಡುತ್ತಾರೆಯೆ?’ ಎಂದು ಹೇಳಿ, ಎರಡು ಕಾಳನ್ನು ಸುಲಿದು ಅಂದಿನ ಪಾಯಸಕ್ಕೆ ಹಾಕಿಸಿ, ಉಳಿದ ತೆನೆಯನ್ನು ಉಗ್ರಾಣದ ಬಾಗಿಲಿಗೆ ನೂಲಿನಿಂದ ಕಟ್ಟಿದರು. ಅಂದು ಮಾಣಿಗಳೆಲ್ಲರೂ ಆ ಪಾಯಸವನ್ನು ಉಂಡರು. ಅವರೆಲ್ಲರೂ ಗದ್ದೆಯ ಮಕ್ಕಳೇ; ಹೊಸ ಅಕ್ಕಿಯ ಊಟವೆಂದರೆ ಏನೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಹುಡುಗನು ಮುಂದೆ ಹಲವು ವರ್ಷ ನಮ್ಮಲ್ಲಿಯೇ ನಿಂತನು. ಹೆಚ್ಚು ಪಗಾರ ಕೊಡುವೆನೆಂದು ಕರೆದವರಿದ್ದರೂ ಹೋಗಲಿಲ್ಲ.

ಹಬ್ಬಗಳು ಉಳಿಯುವುದು ದೊಡ್ಡ ಮಾತುಗಳಿಂದಲ್ಲ, ಇಂಥ ಸಣ್ಣ ಏರ್ಪಾಡುಗಳಿಂದ. ಟಾರ್ಪನ್ ಸ್ಪ್ರಿಂಗ್ಸಿನ ಜನರು ತಮ್ಮ ಮಕ್ಕಳಿಗೆ ಒಂದು ಸರದಿಯನ್ನು ಇಟ್ಟರು. ಮಕ್ಕಳು ಹಬ್ಬವನ್ನು ಇಟ್ಟುಕೊಂಡರು. ನಮ್ಮ ಸಂಘಗಳವರು ಬರುವ ಉತ್ಸವದಲ್ಲಿ ಭಾಷಣಗಳನ್ನು ಎರಡಕ್ಕೆ ಇಳಿಸಿ ಮೊದಲ ಗಂಟೆಯನ್ನು ಮಕ್ಕಳಿಗೆ ಬಿಟ್ಟುಕೊಡಲಿ. ಕಚೇರಿಯ ಗುಮಾಸ್ತ ಮಿತ್ರರು ಪಕ್ಕದ ಮೇಜಿನವನ ಹಬ್ಬ ಯಾವುದೆಂದು ಒಮ್ಮೆ ಕೇಳಿ ತಿಳಿದುಕೊಳ್ಳಲಿ; ಅವನ ರಜೆಯ ದಿನ ಅವನ ಕಡತವನ್ನು ತಾವು ನೋಡಿಕೊಂಡರೆ, ತಮ್ಮ ರಜೆಯ ದಿನ ಅವನು ನೋಡಿಕೊಳ್ಳುತ್ತಾನೆ. ಹೋಟೆಲಿನ ಮಾಲಿಕ ಬಂಧುಗಳು ಹೊಸ ವರ್ಷದ ಕ್ಯಾಲೆಂಡರನ್ನು ಗಲ್ಲೆಯ ಹಿಂದೆ ತೂಗುಹಾಕುವಾಗ ಪ್ರತಿಯೊಬ್ಬ ಹುಡುಗನನ್ನೂ ಕರೆದು, ‘ನಿನ್ನ ಊರಿನ ಹಬ್ಬ ಯಾವ ತಾರೀಖಿಗೆ?’ ಎಂದು ಕೇಳಿ, ಆ ತಾರೀಖಿನ ಸುತ್ತ ಪೆನ್ಸಿಲಿನಿಂದ ಒಂದು ಗುರುತು ಹಾಕಲಿ. ಇದಕ್ಕೆ ಖರ್ಚಿಲ್ಲ. ಗುರುತು ಬಿದ್ದ ದಿನ ಅವನಿಗೆ ಅರ್ಧ ಹೊತ್ತಿನ ಬಿಡುವನ್ನಾದರೂ ಕೊಟ್ಟರೆ ಸಾಕು.